ಭವಾನೀಭಕ್ತ ಶಿವಾಜಿಯ ಪೂರ್ವಚರಿತ್ರೆ

ನವರಾತ್ರಿಯಲ್ಲಿ ಘಟಸ್ಥಾಪನೆ ಮಾಡಿ, ನಂದಾದೀಪವಿಟ್ಟು, ಒಂಬತ್ತು ದಿನ ಜಗನ್ಮಾತೆಯನ್ನು ಆರಾಧಿಸುವ ಸಂಪ್ರದಾಯವು ನಮ್ಮ ಸಂಘದ ಅನೇಕ ಸದಸ್ಯರ ಮನೆಗಳಲ್ಲಿ ಇಂದಿಗೂ ನಡೆದುಕೊಂಡು ಬಂದಿದೆ. ವಿಜಾಪುರ, ಕಲಬುರ್ಗಿ, ಬೀದರ, ಬೆಳಗಾವಿ ಸೀಮೆಗಳಿಂದ ಹೊಟ್ಟೆಪಾಡಿಗಾಗಿ ಈ ಪುಣೆ ನಗರಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಿ ತುಳಜಾಪುರದ ಅಂಬಾಭವಾನಿಯೇ ಕುಲದೇವತೆಯಾದವರು ಎಷ್ಟೋ ಮಂದಿ. ವಿಜಯದಶಮಿಯ ಸಾಯಂಕಾಲ ನಾವು ಬನ್ನಿಯ ಎಲೆ ಹಂಚಿಕೊಂಡು ಬಂಗಾರದಂತೆ ಬಾಳೋಣವೆಂದು ಹಾರೈಸಿಕೊಳ್ಳುವಾಗ, ಪಕ್ಕದ ಮನೆಯ ಮರಾಠಿ ಬಂಧುಗಳೂ ಎಲೆಯನ್ನೇ ಸೋನೆಂದು ಕರೆದು ನಮ್ಮ ಕೈಗಿಡುತ್ತಾರೆ. ಅದೇ ತುಳಜಾಭವಾನಿಯನ್ನು ಕುಲದೇವತೆಯಾಗಿ ಪೂಜಿಸಿದ ಭೋಸಲೆ ಮನೆತನದ ಒಬ್ಬ ಬಾಲಕನು ಛತ್ರಪತಿಯಾದ ವೃತ್ತಾಂತವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಪ್ರತಾಪಗಡ, ಆಗ್ರಾ, ರಾಯಗಡಗಳ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆ ಮುಂಚಿನ ಇಪ್ಪತ್ತೈದು ವರ್ಷಗಳನ್ನು, ಅವುಗಳಲ್ಲಿ ನಮ್ಮ ಕನ್ನಡ ನಾಡಿಗೆ ಸೇರಿದ ಪಾಲನ್ನು ನೆನೆಯುವವರು ಕಡಿಮೆ.

ಭೋಸಲೆಯವರು ಎಲ್ಲೋರದ ಗುಹೆಗಳ ಬಳಿಯ ವೇರೂಳ ಗ್ರಾಮದ ಪಟೇಲರು. ಅಲ್ಲಿಯ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದ ಮಾಲೋಜಿಗೆ ಬಹುಕಾಲ ಸಂತಾನವಿರಲಿಲ್ಲ. ಅವನು ಅಹಮದನಗರದ ಶಾಹ ಶರೀಫನೆಂಬ ಪೀರನಿಗೆ ಹರಕೆ ಹೊತ್ತನೆಂದೂ, ತರುವಾಯ ಹುಟ್ಟಿದ ಇಬ್ಬರು ಮಕ್ಕಳಿಗೆ ಆ ಮಹಾತ್ಮನ ಹೆಸರನ್ನೇ ಹಂಚಿ ಶಹಾಜಿ, ಶರೀಫಜಿ ಎಂದು ಕರೆದನೆಂದೂ ಪ್ರತೀತಿಯಿದೆ. ಶಿವಾಲಯವನ್ನು ಕಟ್ಟಿಸಿದ ಕೈಯೇ ಪೀರನ ಗೋರಿಗೂ ಹೂವೇರಿಸಿತು. ಅಂದಿನ ದಖ್ಖನದಲ್ಲಿ ಇದು ಅಚ್ಚರಿಯ ಸಂಗತಿಯಾಗಿರಲಿಲ್ಲ.

ಶಹಾಜಿಯ ಧರ್ಮಪತ್ನಿ ಜೀಜಾಬಾಯಿ ಸಿಂದಖೇಡದ ಲಖೂಜಿ ಜಾಧವನ ಮಗಳು. ದೇವಗಿರಿಯ ಯಾದವ ಕುಲದವರೆಂದು ಹೇಳಿಕೊಳ್ಳುತ್ತಿದ್ದ ದೊಡ್ಡ ಮನೆತನ ಅದು. ದುರ್ದೈವದಿಂದ ಬೀಗರಿಬ್ಬರ ನಡುವೆ ವೈಮನಸ್ಯ ಬೆಳೆಯಿತು. ಮಾವ ಒಮ್ಮೆ ಮೊಗಲರ ಕಡೆ, ಅಳಿಯ ಮತ್ತೊಮ್ಮೆ ನಿಜಾಮಶಾಹಿಯ ಕಡೆ. ನಡುವೆ ಸಿಕ್ಕಿಕೊಂಡವಳು ಜೀಜಾಬಾಯಿ. 1629ರ ಜುಲೈ ತಿಂಗಳಲ್ಲಿ ಲಖೂಜಿಯನ್ನು ದೌಲತಾಬಾದಿನ ದರಬಾರಿಗೆ ಕರೆಸಿಕೊಂಡ ನಿಜಾಮಶಹನು ಅವನನ್ನೂ ಅವನ ಮಕ್ಕಳನ್ನೂ ಸಭೆಯಲ್ಲಿಯೇ ಕೊಲ್ಲಿಸಿದನು. ತವರು ಹೀಗೆ ಒಂದೇ ದಿನದಲ್ಲಿ ಬರಿದಾದ ಹೆಣ್ಣುಮಗಳು, ಅದಾದ ಏಳು ತಿಂಗಳ ಬಳಿಕ, ಜುನ್ನರದ ಸಮೀಪದ ಶಿವನೇರಿ ದುರ್ಗದಲ್ಲಿ ಗಂಡುಮಗುವಿಗೆ ಜನ್ಮವಿತ್ತಳು. ಅಂದು ಶಕ 1551, ಶುಕ್ಲ ಸಂವತ್ಸರದ ಫಾಲ್ಗುಣ ಬಹುಳ ತದಿಗೆ, ಅಂದರೆ 1630ರ ಫೆಬ್ರವರಿ 19. ಹಿಂದೆ 1627ರ ತಿಥಿಯನ್ನು ಹಿಡಿದವರೂ ಇದ್ದರು. ಮಹಾರಾಷ್ಟ್ರ ಸರಕಾರವು 1630ರ ದಿನವನ್ನೇ ಅಂಗೀಕರಿಸಿದೆ. ದುರ್ಗದ ಅಧಿದೇವತೆ ಶಿವಾಯಿಯ ಹೆಸರನ್ನೇ ಮಗುವಿಗಿಟ್ಟರೆಂದು ಅಲ್ಲಿಯ ಜನ ನಂಬುತ್ತಾರೆ.

ಮಗು ಹುಟ್ಟಿದ ಗಳಿಗೆ ನಾಡಿಗೆ ಒಳ್ಳೆಯದಾಗಿರಲಿಲ್ಲ. 1630ರಿಂದ 1632ರವರೆಗೆ ಗುಜರಾತ ಮತ್ತು ದಖ್ಖನದಲ್ಲಿ ಮಳೆಯಿಲ್ಲದೆ ಭೀಕರ ಕ್ಷಾಮ ತಲೆದೋರಿತು, ಊರೂರುಗಳೇ ಹಾಳುಬಿದ್ದವು. ಶಹಾಜಿಯ ಜಹಗೀರಾದ ಪುಣೆಗೆ ಅದಕ್ಕೂ ಮಿಗಿಲಾದ ಪೆಟ್ಟು ಬಿದ್ದಿತ್ತು. ವಿಜಾಪುರದ ಸರದಾರ ಮುರಾರ ಜಗದೇವನು ಊರನ್ನು ಸುಟ್ಟು, ಕತ್ತೆಗಳನ್ನು ಹೂಡಿ ನೇಗಿಲು ಹೊಡೆಸಿ, ಇನ್ನು ಇಲ್ಲಿ ಯಾರೂ ನೆಲೆಸಬಾರದೆಂಬ ಶಾಪದ ಗುರುತಾಗಿ ಕಬ್ಬಿಣದ ಹಾರೆಯನ್ನು ನೆಡಿಸಿದ್ದನು. ಇಂದು ನಾವು ಬಸ್ಸಿಗಾಗಿ ನೂಕುನುಗ್ಗಲಿನಲ್ಲಿ ನಿಲ್ಲುವ ಇದೇ ಪುಣೆಯ ಮಾತಿದು.

ಶಹಾಜಿ ಆ ವರ್ಷಗಳಲ್ಲಿ ಮನೆಯಲ್ಲಿದ್ದುದೇ ಅಪರೂಪ. ಮುಳುಗುತ್ತಿದ್ದ ನಿಜಾಮಶಾಹಿಯನ್ನು ಎತ್ತಿ ಹಿಡಿಯಲು ಅವನು 1633ರಲ್ಲಿ ಆ ವಂಶದ ಎಳೆಯ ಬಾಲಕನೊಬ್ಬನನ್ನು ಪಟ್ಟಕ್ಕೆ ಕೂರಿಸಿ, ಮೂರು ವರ್ಷ ರಾಜ್ಯಭಾರವನ್ನು ತಾನೇ ಹೊತ್ತನು. ಶಹಜಹಾನ ಚಕ್ರವರ್ತಿ ಸ್ವತಃ ದಕ್ಷಿಣಕ್ಕೆ ಬಂದು ವಿಜಾಪುರದೊಡನೆ ಒಪ್ಪಂದ ಮಾಡಿಕೊಂಡ ಮೇಲೆ ಆ ಆಟ ಮುಗಿಯಿತು. 1636ರಲ್ಲಿ ಮಾಹುಲಿ ದುರ್ಗದಲ್ಲಿ ಶಹಾಜಿ ಶರಣಾಗತನಾಗಿ ವಿಜಾಪುರದ ಸೇವೆಗೆ ಸೇರಬೇಕಾಯಿತು. ಪುಣೆಯ ಜಹಗೀರು ಉಳಿಯಿತು. ಆದರೆ ಆದಿಲಶಹನು ಅವನನ್ನು ರಣದುಲ್ಲಾಖಾನನ ಜೊತೆ ದೂರದ ಕರ್ನಾಟಕಕ್ಕೆ ಕಳುಹಿಸಿದನು.

1638ರ ಕೊನೆಯಲ್ಲಿ ಬೆಂಗಳೂರು ವಿಜಾಪುರದ ವಶವಾಯಿತು. ಕೆಂಪೇಗೌಡರ ವಂಶಸ್ಥರು ಮಾಗಡಿಗೆ ಸರಿದರು. ಮರುವರ್ಷ ಇದೇ ಸೈನ್ಯ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿತು, ಆದರೆ ರಣಧೀರ ಕಂಠೀರವ ನರಸರಾಜ ಒಡೆಯರು ಅದನ್ನು ಹಿಮ್ಮೆಟ್ಟಿಸಿದರು. ಬೆಂಗಳೂರು, ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರ, ಶಿರಾ ಪ್ರಾಂತಗಳು ಶಹಾಜಿಯ ಆಡಳಿತಕ್ಕೆ ಬಂದವು. ಹಿರಿಯ ಮಗ ಸಂಭಾಜಿ ತಂದೆಯ ಬಳಿ ಬೆಂಗಳೂರಿನಲ್ಲಿದ್ದನು. ಶಹಾಜಿಯ ಎರಡನೆಯ ಪತ್ನಿ ತುಕಾಬಾಯಿ ಮೋಹಿತೆ ಮತ್ತು ಆಕೆಯ ಮಗ ವ್ಯಂಕೋಜಿಯೂ ತಂದೆಯ ಬಳಿಯೇ ಉಳಿದರು. ಜೀಜಾಬಾಯಿ ಮತ್ತು ಶಿವಾಜಿ 1640ರ ಸುಮಾರಿಗೆ ಅಲ್ಲಿಗೆ ಬಂದು, ಒಂದೆರಡು ವರ್ಷ ಇದ್ದು, 1642ರ ಹೊತ್ತಿಗೆ ಪುಣೆಗೆ ಮರಳಿದರು. ಬೆಂಗಳೂರಿನ ಪೇಟೆಯ ಬೀದಿಗಳಲ್ಲಿ, ಕನ್ನಡದ ಕಲರವದ ನಡುವೆ, ಹತ್ತು ಹನ್ನೆರಡು ವರ್ಷದ ಶಿವಾಜಿ ಓಡಾಡಿದನೆಂಬುದನ್ನು ನೆನೆದಾಗ ನಮಗೆ ಅಭಿಮಾನವೆನಿಸುವುದು ಸಹಜ. ಆದರೆ ಆ ತಾಯಿಯ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಪತಿಯೂ ಹಿರಿಯ ಮಗನೂ ಒಂದು ನಾಡಿನಲ್ಲಿ, ತಾನೂ ಕಿರಿಯ ಮಗನೂ ನೂರಾರು ಮೈಲಿ ಆಚೆಯ ಇನ್ನೊಂದು ನಾಡಿನಲ್ಲಿ. ಉದ್ಯೋಗಕ್ಕಾಗಿ ಮನೆಯ ಒಂದು ಪಾಲನ್ನು ಊರಲ್ಲಿ ಬಿಟ್ಟು ಬಂದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗನನ್ನು ಬೀಳ್ಕೊಡುವಾಗ ತಂದೆ ಬರಿಗೈಯಲ್ಲಿ ಕಳುಹಿಸಲಿಲ್ಲ. ಪೇಶವೆ, ಮಜುಮದಾರ, ಡಬೀರ, ಸಬನೀಸ ಎಂಬ ಅಧಿಕಾರಿಗಳನ್ನು ನೇಮಿಸಿ ಜೊತೆಗೆ ಕೊಟ್ಟನು. ಮಜುಮದಾರನೆಂದರೆ ಲೆಕ್ಕಪತ್ರದವನು, ಡಬೀರನೆಂದರೆ ಪತ್ರವ್ಯವಹಾರದವನು. ಕತ್ತಿಗಿಂತ ಮುಂಚೆ ಕಡತ ಬಂದಿತೆಂಬುದು ದಿನವೂ ಲೆಡ್ಜರಿನ ಮುಂದೆ ಕೂಡುವ ನನ್ನಂಥವನ ಕಣ್ಣಿಗೆ ಬೇಗ ಬೀಳುತ್ತದೆ. ಜಹಗೀರಿನ ಮೇಲ್ವಿಚಾರಣೆ ವೃದ್ಧ ದಾದಾಜಿ ಕೊಂಡದೇವನದು. ಹಾಳುಬಿದ್ದ ಭೂಮಿಗೆ ರೈತರನ್ನು ಕರೆತಂದು, ಮೊದಲ ವರ್ಷ ಹೆಸರಿಗಷ್ಟೇ ಕಂದಾಯ ಹಾಕಿ, ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಸಾಗುವಳಿ ಬೇರೂರಿದ ಮೇಲೆ ಪೂರ್ತಿ ದರಕ್ಕೆ ತರುವ ಪದ್ಧತಿಯನ್ನು ಆತ ಆಚರಣೆಗೆ ತಂದನು. ದನಕರುಗಳನ್ನು ಹಿಡಿಯುತ್ತಿದ್ದ ತೋಳಗಳನ್ನು ಕೊಂದವರಿಗೆ ಇನಾಮು ಕೊಡಿಸಿದನು. ಶಾಪಗ್ರಸ್ತವಾದ ಪುಣೆಯ ನೆಲದಲ್ಲಿ ಬಾಲಕ ಶಿವಾಜಿಯ ಕೈಯಿಂದಲೇ ಬಂಗಾರದ ನೇಗಿಲನ್ನು ಎಳೆಸಿದರೆಂದು ಪರಂಪರೆ ಹೇಳುತ್ತದೆ. ಕಸಬಾ ಗಣಪತಿಯ ದೇವಾಲಯವನ್ನು ಜೀಜಾಬಾಯಿ ಕಟ್ಟಿಸಿದಳು. ಸಮೀಪದಲ್ಲಿಯೇ ಲಾಲ ಮಹಲು ಎದ್ದಿತು. ಗಣೇಶೋತ್ಸವದ ವಿಸರ್ಜನಾ ಮೆರವಣಿಗೆಯಲ್ಲಿ ಇಂದಿಗೂ ಮೊದಲ ಮಾನ ಆ ಕಸಬಾ ಗಣಪತಿಗೇ ಸಲ್ಲುತ್ತದೆ.

ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಮಡಿಲಲ್ಲಿ ಮಾವಳಗಳೆಂಬ ಕಣಿವೆಗಳಿವೆ. ಅಲ್ಲಿಯ ಜನ ಬಡವರು, ಕಷ್ಟಸಹಿಷ್ಣುಗಳು, ಕಾಲುದಾರಿಗಳನ್ನೆಲ್ಲ ಬಲ್ಲವರು. ದೇಶಮುಖರೋ ಒಬ್ಬರೊಡನೊಬ್ಬರು ಕಾದಾಡುತ್ತಲೇ ಇದ್ದವರು. ಶಿವಾಜಿ ಇವರ ನಡುವೆ ಬೆಳೆದನು, ಇವರ ಮನೆಯ ಅಂಬಲಿಯನ್ನುಂಡನು. ಬಾಲಕನು ವಿಜಾಪುರದ ದರಬಾರಿನಲ್ಲಿ ಸುಲ್ತಾನನಿಗೆ ತಲೆಬಾಗಲಿಲ್ಲವೆಂಬ ಕಥೆಯನ್ನು ಮಕ್ಕಳ ಪುಸ್ತಕಗಳಲ್ಲಿ ಓದುತ್ತೇವೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1646ರ ಜನವರಿ 28ರ ತಾರೀಖಿನ ಒಂದು ಪತ್ರ. ರಾಂಝೆ ಎಂಬ ಗ್ರಾಮದ ಪಟೇಲನು ಹೆಂಗಸೊಬ್ಬಳ ಮೇಲೆ ದುರಾಚಾರವೆಸಗಿದನು. ವಿಚಾರಣೆಯಲ್ಲಿ ಅಪರಾಧ ಸಿದ್ಧವಾದ ಮೇಲೆ, ಇನ್ನೂ ಹದಿನಾರು ತುಂಬದ ಶಿವಾಜಿ ಅವನ ಕೈಕಾಲು ಕಡಿಸಿ, ಪಟೇಲಿಕೆಯನ್ನು ಕಿತ್ತುಕೊಂಡು, ಅದೇ ಮನೆತನದ ಇನ್ನೊಬ್ಬನಿಗೆ ವಹಿಸಿದನು; ಅಂಗಹೀನನಾದ ಅಪರಾಧಿಯ ಪೋಷಣೆಯ ಹೊಣೆಯನ್ನೂ ಆ ಬಂಧುವೇ ಹೊತ್ತನು. ಶಿಕ್ಷೆ ಇಂದಿನ ನಮಗೆ ಕ್ರೂರವೆನಿಸಬಹುದು. ಆದರೆ ಊರಗೌಡನ ವಿರುದ್ಧ ಬಡ ಹೆಂಗಸಿನ ದೂರು ನಿಲ್ಲುವ ಕಾಲ ಅದಾಗಿರಲಿಲ್ಲ. ಆ ಪತ್ರದ ಮೇಲಿನ ಮುದ್ರೆಯೂ ಗಮನಾರ್ಹ. ದರಬಾರಿನ ಪಾರಸಿಯನ್ನು ಬಿಟ್ಟು ಸಂಸ್ಕೃತದಲ್ಲಿ, ಪಾಡ್ಯದ ಚಂದ್ರನಂತೆ ಬೆಳೆಯುವುದೆಂಬ ಆಶಯದೊಡನೆ, ಶಹಾಜಿಯ ಮಗನೆಂದೇ ತನ್ನನ್ನು ಕರೆದುಕೊಂಡು ಅವನು ತನ್ನ ಮುದ್ರೆಯನ್ನು ಕೆತ್ತಿಸಿದ್ದನು.

ಇದೇ ಅವಧಿಯಲ್ಲಿ ತೋರಣಾ ದುರ್ಗ ಅವನ ಕೈಸೇರಿತು. ದೊಡ್ಡ ಕದನವೇನೂ ನಡೆಯಲಿಲ್ಲ; ಕಾವಲು ಸಡಿಲವಿದ್ದ ಸಮಯ ನೋಡಿ ವಶಪಡಿಸಿಕೊಂಡನು. ಅಲ್ಲಿ ದೊರೆತ ನಿಕ್ಷೇಪವನ್ನು ವಿನಿಯೋಗಿಸಿ ಸಮೀಪದ ಬೆಟ್ಟದ ಮೇಲೆ ರಾಜಗಡವನ್ನು ಕಟ್ಟಿಸತೊಡಗಿದನು. 1647ರಲ್ಲಿ ದಾದಾಜಿ ತೀರಿಕೊಂಡ ಮೇಲೆ ಜಹಗೀರಿನ ಸಮಸ್ತ ಭಾರ ಅವನ ಮೇಲೆಯೇ ಬಿದ್ದಿತು. ಕೊಂಢಾಣಾ, ಪುರಂದರಗಳೂ ಅವನ ಹಿಡಿತಕ್ಕೆ ಬಂದವು.

ಆಗ ಬಂದಿತು ನಿಜವಾದ ಪರೀಕ್ಷೆ. 1648ರ ಜುಲೈ 25ರಂದು ಜಿಂಜಿಯ ಸಮೀಪ, ಮುಸ್ತಫಾಖಾನನ ಶಿಬಿರದಲ್ಲಿ, ಶಹಾಜಿಯನ್ನು ಬೆಳಗಿನ ಜಾವದಲ್ಲಿ ಸೆರೆಹಿಡಿಯಲಾಯಿತು. ಆ ಕೆಲಸಕ್ಕೆ ಕೈಹಾಕಿದವನು ನಮ್ಮ ಮುಧೋಳದ ಬಾಜಿ ಘೋರ್ಪಡೆ. ಸೆರೆಯಾಳನ್ನು ವಿಜಾಪುರಕ್ಕೆ ತಂದವನು ಅಫಜಲಖಾನ. ಏಕಕಾಲದಲ್ಲಿ ಒಂದು ದಂಡು ಬೆಂಗಳೂರಿನ ಮೇಲೆ, ಇನ್ನೊಂದು ಫತ್ತೇಖಾನನ ನೇತೃತ್ವದಲ್ಲಿ ಶಿವಾಜಿಯ ಮೇಲೆ ಬಂದವು. ಅಲ್ಲಿ ಸಂಭಾಜಿಯೂ ಇಲ್ಲಿ ಪುರಂದರದಲ್ಲಿ ಶಿವಾಜಿಯೂ ಎದುರು ನಿಂತು ದಂಡನ್ನು ಹಿಂದಟ್ಟಿದರು. ಆದರೆ ರಣದಲ್ಲಿ ಗೆದ್ದರೇನು, ತಂದೆಯ ಕೊರಳು ಸುಲ್ತಾನನ ಕೈಯಲ್ಲಿತ್ತು. ಮಗ ಇನ್ನೊಂದು ಹೆಜ್ಜೆ ಮುಂದಿಟ್ಟರೆ ತಂದೆಯ ಪ್ರಾಣಕ್ಕೆ ಸಂಚಕಾರ. ಗೆದ್ದುದನ್ನೆಲ್ಲ ಬಿಟ್ಟುಕೊಟ್ಟರೆ ನಂಬಿ ಬಂದ ಮಾವಳರಿಗೆ ದ್ರೋಹ.

ಆಗ ಅವನಿಗಿನ್ನೂ ಹತ್ತೊಂಬತ್ತು ವರ್ಷ. ದಖ್ಖನದ ಮೊಗಲ ಸುಭೇದಾರನಾಗಿದ್ದ ರಾಜಕುಮಾರ ಮುರಾದಬಕ್ಷನಿಗೆ ಪತ್ರ ಬರೆದು, ತಾನು ಮೊಗಲರ ಸೇವೆಗೆ ಬರಲು ಸಿದ್ಧನೆಂದೂ ತಂದೆಯನ್ನು ಬಿಡಿಸಿಕೊಡಬೇಕೆಂದೂ ಕೋರಿದನು. ವಿಜಾಪುರದವರಿಗೆ ಮೊಗಲರ ಹೆಸರೆಂದರೆ ಅಂಜಿಕೆ. ಕೊನೆಗೆ ಬೆಂಗಳೂರಿನ ಕೋಟೆಯನ್ನು ಸಂಭಾಜಿಯೂ, ಕೊಂಢಾಣಾ ದುರ್ಗವನ್ನು ಶಿವಾಜಿಯೂ ಒಪ್ಪಿಸಿದ ಮೇಲೆ 1649ರ ಮೇ 16ರಂದು ಶಹಾಜಿಗೆ ಬಿಡುಗಡೆಯಾಯಿತು. ಪುರಂದರ ಉಳಿಯಿತು, ರಾಜಗಡ ಉಳಿಯಿತು, ಮಾವಳರೂ ಉಳಿದರು. ಮುಂದಿನ ಆರು ವರ್ಷ ಶಿವಾಜಿ ವಿಜಾಪುರವನ್ನು ಕೆಣಕಲಿಲ್ಲ. ವೀರಗಾಥೆಗಳನ್ನು ಹಾಡುವವರು ಈ ಆರು ವರ್ಷಗಳನ್ನು ದಾಟಿ ಹೋಗುತ್ತಾರೆ. ರಕ್ತ ಬಿಸಿಯಾಗಿರುವ ವಯಸ್ಸಿನಲ್ಲಿ ತಂದೆಗಾಗಿ ಕೈಕಟ್ಟಿ ಕುಳಿತು, ಊರುಗಳ ನ್ಯಾಯ ತೀರ್ಮಾನ, ಕಂದಾಯದ ಲೆಕ್ಕ, ದುರ್ಗಗಳ ದುರಸ್ತಿಯಲ್ಲಿ ಕಾಲ ಕಳೆದುದು ನನಗೆ ಯಾವ ಯುದ್ಧಕ್ಕೂ ಕಡಿಮೆಯಾಗಿ ಕಾಣುವುದಿಲ್ಲ.

1656ರ ಜನವರಿಯಲ್ಲಿ ಅವನು ಜಾವಳಿಯ ಚಂದ್ರರಾವ ಮೋರೆಯ ಮೇಲೆ ಬಿದ್ದನು. ಇದು ಸ್ವಜನರ ರಕ್ತ ಚೆಲ್ಲಿದ ಕಾರ್ಯ. ಭಕ್ತಿಯಿಂದ ಬರೆಯುವವರು ಕೂಡ ಇದನ್ನು ಮರೆಮಾಚಬೇಕಾಗಿಲ್ಲ. ಕೊಂಕಣದ ಘಟ್ಟಗಳ ದಾರಿಯನ್ನೆಲ್ಲ ತಡೆದು ಕುಳಿತಿದ್ದ ಜಾವಳಿ ಕೈಗೆ ಬಾರದಿದ್ದರೆ ಅವನ ರಾಜ್ಯ ಪುಣೆಯ ಜಹಗೀರಾಗಿಯೇ ಉಳಿಯುತ್ತಿತ್ತು. ಮುಂದೆ ರಾಯಗಡವೆಂದು ಪ್ರಸಿದ್ಧವಾದ ರಾಯರಿ ದುರ್ಗವೂ ಹೀಗೆಯೇ ದೊರೆಯಿತು. ಜಾವಳಿಯ ದಟ್ಟಡವಿಯಲ್ಲಿ ಮೋರೋಪಂತ ಪಿಂಗಳೆಯ ಉಸ್ತುವಾರಿಯಲ್ಲಿ ಪ್ರತಾಪಗಡ ತಲೆಯೆತ್ತಿತು. ಅದೇ ವರ್ಷ ನವೆಂಬರಿನಲ್ಲಿ ಗೋಳಗುಮ್ಮಟದೊಡೆಯನಾದ ಮಹಮ್ಮದ ಆದಿಲಶಹನು ತೀರಿಕೊಂಡನು. ಮರುವರ್ಷ ಮೊಗಲ ಸಿಂಹಾಸನಕ್ಕಾಗಿ ಔರಂಗಜೇಬನ ಕಣ್ಣು ಉತ್ತರಕ್ಕೆ ತಿರುಗಿತು. ಆ ಸಂದಿಯಲ್ಲಿ ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ಹಿಡಿದು ಕಡಲ ಅಂಚಿಗೆ ಬಂದು, ಹಡಗುಗಳನ್ನು ಕಟ್ಟಿಸತೊಡಗಿದನು.

ವಿಜಾಪುರದ ದರಬಾರು ಇನ್ನು ಸುಮ್ಮನಿರಲಿಲ್ಲ. 1659ರಲ್ಲಿ 10,000 ಕುದುರೆಗಳ ದಂಡಿನೊಡನೆ ಅಫಜಲಖಾನನು ಹೊರಟನು. ಭೋಸಲೆ ಮನೆಗೆ ಅವನು ಹೊಸಬನಲ್ಲ. ತಂದೆಯನ್ನು ಸೆರೆಯಾಳಾಗಿ ವಿಜಾಪುರಕ್ಕೊಯ್ದವನು ಅವನು. ನಮ್ಮ ಕೊಪ್ಪಳ ಜಿಲ್ಲೆಯ ಕನಕಗಿರಿಯ ಮುತ್ತಿಗೆಯಲ್ಲಿ ಅಣ್ಣ ಸಂಭಾಜಿ ಗುಂಡೇಟಿಗೆ ಬಲಿಯಾದಾಗ, ವೇಳೆಗೆ ನೆರವು ಕಳುಹಿಸದೆ ಬಿಟ್ಟವನು ಅವನೇ ಎಂಬ ಕೊರಗು ಜೀಜಾಬಾಯಿಯ ಎದೆಯಲ್ಲಿತ್ತು. ಅದಕ್ಕೂ ಹಿಂದೆ ಶಿರಾದ ದೊರೆ ಕಸ್ತೂರಿ ರಂಗನಾಯಕನು ಸಂಧಿಗಾಗಿ ಬಂದಾಗ ಖಾನನು ಅವನನ್ನು ಮೋಸದಿಂದ ಕೊಲ್ಲಿಸಿದ್ದನೆಂಬ ಸುದ್ದಿಯನ್ನು ಶಿವಾಜಿ ಮರೆತಿರಲಿಲ್ಲ. ಬರುವ ಹಾದಿಯಲ್ಲಿ ಖಾನನು ತುಳಜಾಪುರದ ಭವಾನಿಗೂ ಪಂಢರಪುರಕ್ಕೂ ಅಪಚಾರವೆಸಗಿದನೆಂದು ಆ ಕಾಲದ ಪೋವಾಡಗಳು ಹಾಡುತ್ತವೆ.

ಆ ಸೆಪ್ಟೆಂಬರ್ 5ರಂದು ರಾಜಗಡದಲ್ಲಿ ಪತ್ನಿ ಸಯಿಬಾಯಿ ತೀರಿಕೊಂಡಳು. ಮಗ ಸಂಭಾಜಿಗೆ ಎರಡು ವರ್ಷ ಮೂರು ತಿಂಗಳು. ಮಡದಿಯ ಅಗಲಿಕೆಯ ದುಃಖವಾರುವ ಮೊದಲೇ ಶಿವಾಜಿ ಪ್ರತಾಪಗಡಕ್ಕೆ ಹೋಗಬೇಕಾಯಿತು. ಸರದಾರರಲ್ಲಿ ಹಲವರು ಸಂಧಿಯೇ ಲೇಸೆಂದರು. ಆ ರಾತ್ರಿ ಭವಾನಿ ಸ್ವಪ್ನದಲ್ಲಿ ದರ್ಶನವಿತ್ತು ಅಭಯ ನೀಡಿದಳೆಂದು ಅವನೇ ಬೆಳಿಗ್ಗೆ ಎಲ್ಲರಿಗೂ ತಿಳಿಸಿದನೆಂದು ಬಖರುಗಳಲ್ಲಿದೆ. ದೇವಿಯ ಮೇಲೆ ಭಾರ ಹಾಕಿದವನು ತನ್ನ ಕೆಲಸವನ್ನೇನೂ ದೇವಿಗೆ ಬಿಡಲಿಲ್ಲವೆಂಬುದನ್ನು ನೋಡಬೇಕು. ತಾನು ಹಿಂದಿರುಗದಿದ್ದರೆ ರಾಜ್ಯವನ್ನು ಮಗನ ಹೆಸರಿನಲ್ಲಿ ನಡೆಸುವಂತೆ ತಾಯಿಗೂ ಮಂತ್ರಿಗಳಿಗೂ ವ್ಯವಸ್ಥೆ ಮಾಡಿದನು. ಅಡವಿಯಲ್ಲಿ ನೇತಾಜಿ ಪಾಲ್ಕರ್ ಮತ್ತು ಮೋರೋಪಂತರ ಪಡೆಗಳನ್ನು ಅಡಗಿಸಿ, ತೋಪಿನ ಸದ್ದನ್ನು ಸನ್ನೆಯಾಗಿಟ್ಟನು. ಅಂಗಿಯೊಳಗೆ ಕವಚ, ಮುಂಡಾಸಿನೊಳಗೆ ಉಕ್ಕಿನ ಟೋಪಿ, ಕೈಯಲ್ಲಿ ವ್ಯಾಘ್ರನಖ ಧರಿಸಿದನು.

ನವೆಂಬರ್ 10, ಗುರುವಾರ. ಗಡದ ಕೆಳಗಿನ ಡೇರೆಯಲ್ಲಿ ಭೇಟಿ. ಆಲಿಂಗನದಲ್ಲಿ ಖಾನನು ಶಿವಾಜಿಯ ಕೊರಳನ್ನು ಎಡತೋಳಿನಲ್ಲಿ ಅದುಮಿ ಕಠಾರಿಯಿಂದ ಇರಿದನು, ಕವಚ ತಡೆಯಿತು. ಮರುಕ್ಷಣ ವ್ಯಾಘ್ರನಖ ಖಾನನ ಉದರವನ್ನು ಸೀಳಿತ್ತು. ಖಾನನ ಅಂಗರಕ್ಷಕ ಸೈಯದ ಬಂಡಾ ಎತ್ತಿದ ಕತ್ತಿಯನ್ನು ಜೀವಾ ಮಹಾಲ ತಡೆದನು. ತೋಪು ಮೊಳಗಿತು, ಸಂಜೆಯೊಳಗೆ ವಿಜಾಪುರದ ದಂಡು ಚೆದುರಿಹೋಯಿತು. ಮೃತ ವೈರಿಯ ದೇಹವನ್ನು ಅವನ ಧರ್ಮದ ವಿಧಿಯಂತೆ ಅಲ್ಲಿಯೇ ಸಮಾಧಿ ಮಾಡಲಾಯಿತು. ಪ್ರತಾಪಗಡಕ್ಕೆ ಹೋದವರು ಆ ಗೋರಿಯನ್ನು ಕಂಡಿರಬಹುದು. ತುಳಜಾಪುರ ವಿಜಾಪುರದ ಸೀಮೆಯಲ್ಲಿದ್ದುದರಿಂದ ದರ್ಶನಕ್ಕೆ ಹೋಗುವುದು ದುಸ್ತರವಾಗಿತ್ತು. ಆದಕಾರಣ ಶಿವಾಜಿ ಗಂಡಕೀ ಶಿಲೆಯಲ್ಲಿ ಭವಾನಿಯ ಮೂರ್ತಿಯನ್ನು ಕಡೆಸಿ 1661ರಲ್ಲಿ ಪ್ರತಾಪಗಡದ ಮೇಲೆಯೇ ಪ್ರತಿಷ್ಠಾಪಿಸಿದನು.

ಅಲ್ಲಿಂದ ಮುಂದಿನ ಕಥೆ ಓಡುತ್ತದೆ. 1660ರಲ್ಲಿ ಪನ್ಹಾಳದ ಮುತ್ತಿಗೆಯಿಂದ ಪಾರಾದುದು, ಬಾಜಿಪ್ರಭುವಿನ ಬಲಿದಾನ. 1663ರಲ್ಲಿ, ತಾನು ಆಡಿ ಬೆಳೆದ ಲಾಲ ಮಹಲಿನಲ್ಲಿಯೇ ಬೀಡುಬಿಟ್ಟಿದ್ದ ಶಾಯಿಸ್ತಖಾನನ ಮೇಲೆ ರಾತ್ರಿಯ ದಾಳಿ. 1664ರ ಜನವರಿಯಲ್ಲಿ ಸೂರತ. ಆ ತಿಂಗಳಲ್ಲಿಯೇ, 23ರಂದು, ಚನ್ನಗಿರಿಯ ಸಮೀಪದ ಹೊದಿಗೆರೆಯಲ್ಲಿ ಬೇಟೆಗೆ ಹೋಗಿದ್ದ ಶಹಾಜಿ ಕುದುರೆಯಿಂದ ಬಿದ್ದು ಮರಣ ಹೊಂದಿದನು. ಜೀಜಾಬಾಯಿ ಸಹಗಮನಕ್ಕೆ ಸಿದ್ಧಳಾದಾಗ ಮಗನು ಕಾಲಿಗೆ ಬಿದ್ದು ತಡೆದನು. ದಾವಣಗೆರೆ ಜಿಲ್ಲೆಯ ಆ ಊರಿನಲ್ಲಿ ಶಹಾಜಿಯ ಸಮಾಧಿ ಇಂದಿಗೂ ಇದೆ. ಮರುವರ್ಷ ಶಿವಾಜಿ ಹಡಗುಗಳೊಡನೆ ಬಸರೂರಿಗೆ ಬಂದು, ಮರಳುವಾಗ ಗೋಕರ್ಣದಲ್ಲಿ ಶಿವರಾತ್ರಿಯ ಸ್ನಾನ ಮಾಡಿ ಮಹಾಬಲೇಶ್ವರನನ್ನು ಪೂಜಿಸಿದನು. ಅದೇ 1665ರ ಜೂನಿನಲ್ಲಿ ಪುರಂದರದ ಒಪ್ಪಂದದಂತೆ 23 ದುರ್ಗಗಳನ್ನು ಮೊಗಲರಿಗೆ ಕಳೆದುಕೊಂಡನು. 1666ರಲ್ಲಿ ಆಗ್ರಾದ ಸೆರೆಯಿಂದ ತಪ್ಪಿಸಿಕೊಂಡು ಬಂದು, ನಾಲ್ಕು ವರ್ಷಗಳ ತರುವಾಯ ಅವುಗಳನ್ನು ಒಂದೊಂದಾಗಿ ಮರಳಿ ಗೆಲ್ಲತೊಡಗಿದನು.

1674ರ ಜೂನ್ 6ರಂದು ರಾಯಗಡದಲ್ಲಿ ಕಾಶಿಯ ಗಾಗಾಭಟ್ಟರ ಪೌರೋಹಿತ್ಯದಲ್ಲಿ ಪಟ್ಟಾಭಿಷೇಕವಾಯಿತು. ತವರನ್ನು ಒಂದೇ ದಿನದಲ್ಲಿ ಕಳೆದುಕೊಂಡ, ಹಿರಿಯ ಮಗನನ್ನು ಕನಕಗಿರಿಯಲ್ಲಿ, ಪತಿಯನ್ನು ಹೊದಿಗೆರೆಯಲ್ಲಿ ನೀಗಿಕೊಂಡ ಜೀಜಾಬಾಯಿ ಆ ಸಿಂಹಾಸನವನ್ನು ಕಣ್ತುಂಬ ನೋಡಿದಳು. ಹನ್ನೊಂದು ದಿನಗಳ ತರುವಾಯ, ಜೂನ್ 17ರಂದು, ಗಡದ ಕೆಳಗಿನ ಪಾಚಾಡದಲ್ಲಿ ದೇಹಬಿಟ್ಟಳು.

1677ರಲ್ಲಿ ಛತ್ರಪತಿಗಳು ದಕ್ಷಿಣ ದಿಗ್ವಿಜಯಕ್ಕೆ ಹೊರಟು, ಶ್ರೀಶೈಲದಲ್ಲಿ ಮಲ್ಲಿಕಾರ್ಜುನನ ದರ್ಶನ ಪಡೆದು, ಜಿಂಜಿಯನ್ನು ವಶಪಡಿಸಿಕೊಂಡರು. ತಂಜಾವೂರಿನಲ್ಲಿ ಅರಸನಾಗಿದ್ದ ತಮ್ಮ ವ್ಯಂಕೋಜಿಯೊಡನೆ ತಂದೆಯ ಆಸ್ತಿಯ ಪಾಲಿಗಾಗಿ ಮನಸ್ತಾಪ ಬೆಳೆದು ಕಾಳಗವೂ ನಡೆಯಿತು. ಕೊನೆಗೆ ವ್ಯಂಕೋಜಿಯ ಮಡದಿ ದೀಪಾಬಾಯಿಯ ವಿವೇಕದಿಂದ ರಾಜಿಯಾಯಿತು. ತಾವು ಬಾಲ್ಯದಲ್ಲಿ ತಾಯಿಯೊಡನೆ ಕೆಲಕಾಲ ಕಳೆದಿದ್ದ ಬೆಂಗಳೂರನ್ನು ಹೊಸಕೋಟೆ, ಶಿರಾಗಳ ಸಮೇತ ಮಹಾರಾಜರು ನಾದಿನಿಗೆ ಕುಪ್ಪಸ ಬಳೆಗಳ ಉಡುಗೊರೆಯಾಗಿ ಬಿಟ್ಟುಕೊಟ್ಟರು. ಹತ್ತು ವರ್ಷಗಳ ಬಳಿಕ, 1687ರಲ್ಲಿ, ಮೊಗಲರ ಕೈಗೆ ಬಿದ್ದ ಆ ಊರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ತೆತ್ತು ತಮ್ಮದಾಗಿಸಿಕೊಂಡರು.